ಕೋಳಿ ಕೂಗಿದ ಮೇಲೆ

ಯೇಸುಸ್ವಾಮಿಯ ಕೊನೆಯ ದಿನಗಳೆಂದರೆ ಯಾರ ಕಣ್ಣಿಗಾದರೂ ಮೊದಲು ಕಟ್ಟುವುದು ಶಿಲುಬೆ. ಮುಳ್ಳಿನ ಕಿರೀಟ, ಮೊಳೆ ಜಡಿದ ಕೈಗಳು, ದೂರದಲ್ಲಿ ನಿಂತ ಹೆಂಗಸರು. ಶುಭ ಶುಕ್ರವಾರದ ಉಪವಾಸ, ಪ್ರಾರ್ಥನೆ, ಪ್ರವಚನಗಳೆಲ್ಲ ಈ ಚಿತ್ರದ ಸುತ್ತಲೇ ನಡೆಯುತ್ತವೆ. ಅದು ಸಹಜವೇ. ಆದರೆ ಆ ಶುಕ್ರವಾರದ ಹಿಂದಿನ ರಾತ್ರಿ ಯೆರೂಸಲೇಮಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಯೇಸುವಿನ ಪಂಕ್ತಿಯಲ್ಲಿ ಕುಳಿತು ಉಂಡ ಇಬ್ಬರು ಶಿಷ್ಯರು ಅದೇ ರಾತ್ರಿ ಎಡವಿ ಬಿದ್ದರು. ಒಬ್ಬ ಗುರುವನ್ನು ಹಣಕ್ಕೆ ಹಿಡಿದುಕೊಟ್ಟ. ಇನ್ನೊಬ್ಬ ಗುರುವಿನ ಗುರುತೇ ತನಗಿಲ್ಲವೆಂದ. ಇಬ್ಬರೂ ತಮ್ಮ ತಪ್ಪನ್ನು ಅರಿತರು, ಇಬ್ಬರೂ ಸಂಕಟಪಟ್ಟರು. ಆದರೆ ಒಬ್ಬನ ಬಾಳು ಅಲ್ಲಿಗೇ ಮುಗಿಯಿತು. ಇನ್ನೊಬ್ಬ ಮುಂದೆ ಕ್ರೈಸ್ತಸಭೆಗೆ ಆಧಾರಸ್ತಂಭವಾದ.

ಇವರಿಬ್ಬರ ದಾರಿ ಬೇರೆಯಾದದ್ದು ಎಲ್ಲಿ? ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳಿರುವ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು.

ಅದು ಯೆಹೂದ್ಯರ ಪಸ್ಕ ಹಬ್ಬದ ಕಾಲ. ಪೂರ್ವಜರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದ್ದರ ನೆನಪಿಗೆ ಆಚರಿಸುವ ಈ ಹಬ್ಬ ವಸಂತದ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಈಸ್ಟರ್ ಹಬ್ಬ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬೀಳುವುದೇಕೆಂದು ಮಕ್ಕಳು ಕೇಳುವುದುಂಟು. ಕಾರಣ ಈ ಹುಣ್ಣಿಮೆಯೇ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಬಳಿಕದ ಭಾನುವಾರವೇ ಈಸ್ಟರ್ ಎಂದು ಲೆಕ್ಕ. ಹೀಗಾಗಿ ಅದು ಮಾರ್ಚ್ 22ಕ್ಕಿಂತ ಮೊದಲು ಬಾರದು, ಏಪ್ರಿಲ್ 25ನ್ನು ದಾಟದು. ಕರ್ನಾಟಕದ ಮಕ್ಕಳಿಗೆ ಇದು ಪರೀಕ್ಷೆಯ ಕಾಲ, ಫಲಿತಾಂಶಕ್ಕೆ ಕಾಯುವ ಕಾಲ. ಒಂದೇ ವಾರದಲ್ಲಿ ಒಂದು ಕಡೆ ಶಿಲುಬೆಯ ಹಾದಿಯ ಪ್ರಾರ್ಥನೆ, ಇನ್ನೊಂದು ಕಡೆ ಪ್ರಶ್ನೆಪತ್ರಿಕೆಯ ಚಿಂತೆ ಇರುವ ಮನೆಗಳು ಎಷ್ಟೋ.

ಯೇಸು ಯೆರೂಸಲೇಮಿಗೆ ಬಂದದ್ದು ಭಾನುವಾರ, ಕತ್ತೆಮರಿಯ ಮೇಲೆ ಕುಳಿತು. ಜನ ಬಟ್ಟೆ ಹಾಸಿದರು, ಗರಿಗಳನ್ನು ಹಿಡಿದು ಜಯಕಾರ ಮಾಡಿದರು. ಆ ದಿನ ಹನ್ನೆರಡು ಶಿಷ್ಯರ ಎದೆಯೂ ಉಬ್ಬಿರಬೇಕು. ಮುಂದಿನ ದಿನಗಳಲ್ಲಿ ಯೇಸು ದೇವಾಲಯದಲ್ಲಿ ಹಣ ವಿನಿಮಯ ಮಾಡುತ್ತಿದ್ದವರ ಮೇಜುಗಳನ್ನು ಉರುಳಿಸಿದರು, ಧರ್ಮಪಂಡಿತರೊಡನೆ ವಾದಕ್ಕೆ ನಿಂತರು, ಕಾಣಿಕೆ ಪೆಟ್ಟಿಗೆಗೆ ಎರಡೇ ಕಾಸು ಹಾಕಿದ ಬಡ ವಿಧವೆಯನ್ನು ಶಿಷ್ಯರಿಗೆ ತೋರಿಸಿದರು. ಬೇಥಾನ್ಯದ ಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ಬೆಲೆಬಾಳುವ ಪರಿಮಳ ತೈಲವನ್ನು ಅವರಿಗೆ ಹಚ್ಚಿದಳು. ಅದರ ಬೆಲೆ ಮುನ್ನೂರು ದಿನಾರಿಗಳೆಂದು ಅಲ್ಲಿದ್ದವರು ಲೆಕ್ಕ ಹಾಕಿದರು. ಒಂದು ದಿನಾರಿ ಎಂದರೆ ಆಗಿನ ಕೂಲಿಯವನ ಒಂದು ದಿನದ ಸಂಬಳ. ಇದು ದುಂದುವೆಚ್ಚವೆಂದು ಗೊಣಗಿದವನು ಯೂದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇದಾದ ಸ್ವಲ್ಪದರಲ್ಲೇ ಅವನು ಮಹಾಯಾಜಕರ ಬಳಿಗೆ ಹೋಗಿ ಮೂವತ್ತು ಬೆಳ್ಳಿನಾಣ್ಯಗಳಿಗೆ ಮಾತು ಕುದುರಿಸಿಕೊಂಡು ಬಂದ. ಹಳೆಯ ಮೋಶೆಯ ಕಟ್ಟಳೆಯಲ್ಲಿ, ಎತ್ತು ಹಾಯ್ದು ಸತ್ತ ಗುಲಾಮನಿಗೆ ಅವನ ಒಡೆಯನಿಗೆ ಕೊಡಬೇಕಾದ ಪರಿಹಾರವೂ ಮೂವತ್ತು ಬೆಳ್ಳಿಯೇ.

ಗುರುವಾರ ರಾತ್ರಿ ಊಟ. ಊಟದ ನಡುವೆ ಯೇಸು ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತೆಗೆದುಕೊಂಡು ಶಿಷ್ಯರ ಕಾಲು ತೊಳೆದರು. ಕಾಲು ತೊಳೆಯುವುದು ಮನೆಯ ಆಳಿನ ಕೆಲಸ. ಇಂದಿಗೂ ಪವಿತ್ರ ಗುರುವಾರದಂದು ಗುರುಗಳು ಜನರ ಪಾದ ತೊಳೆಯುವ ಪದ್ಧತಿ ಚರ್ಚುಗಳಲ್ಲಿ ಉಳಿದಿದೆ. ಅಂದು ತೊಳೆದ ಕಾಲುಗಳ ಪೈಕಿ ಯೂದನ ಕಾಲುಗಳೂ ಇದ್ದವೆಂಬುದನ್ನು ಮರೆಯಬಾರದು. ಅವನು ಏನು ಮಾಡಿ ಬಂದಿದ್ದಾನೆ ಎಂಬುದು ತೊಳೆಯುವವರಿಗೆ ಗೊತ್ತಿತ್ತು. ಆದರೂ ಆ ಕಾಲುಗಳನ್ನು ಬಿಟ್ಟು ಮುಂದೆ ಸಾಗಲಿಲ್ಲ.

ಅದೇ ಊಟದಲ್ಲಿ ಪೇತ್ರ ದೊಡ್ಡ ಮಾತಾಡಿದ. ಉಳಿದವರೆಲ್ಲ ಕೈಬಿಟ್ಟರೂ ತಾನು ಬಿಡುವವನಲ್ಲ, ಸೆರೆಗಾಗಲಿ ಸಾವಿಗಾಗಲಿ ಹಿಂದೆಯೇ ಬರುವವನು ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಅದನ್ನು ನಂಬಿಯೇ ಹೇಳಿದ. ಹತ್ತನೇ ತರಗತಿಯ ಹುಡುಗ ಜೂನ್ ತಿಂಗಳಲ್ಲಿ ಈ ಸಲ ತೊಂಬತ್ತಕ್ಕೆ ಕಡಿಮೆಯಿಲ್ಲ ಎನ್ನುವಾಗಲೂ ಹಾಗೆಯೇ ನಂಬಿರುತ್ತಾನೆ. ಯೇಸು ಪೇತ್ರನಿಗೆ ಕೋಳಿ ಕೂಗುವುದರೊಳಗೆ ಅವನು ಮೂರು ಸಲ ತನ್ನನ್ನು ಅರಿಯೆನೆನ್ನುವನೆಂದು ತಿಳಿಸಿದರು. ಎಲ್ಲರಿಗೂ ನೆನಪಿರುವುದು ಇಷ್ಟೇ. ಆದರೆ ಲೂಕನ ಸುವಾರ್ತೆಯಲ್ಲಿ ಇದಕ್ಕೆ ಮೊದಲು ಇನ್ನೊಂದು ಮಾತಿದೆ. ಅವನ ನಂಬಿಕೆ ಕುಂದದಿರಲೆಂದು ತಾನು ಪ್ರಾರ್ಥಿಸಿರುವುದಾಗಿಯೂ, ಅವನು ತಿರುಗಿಕೊಂಡ ಮೇಲೆ ತನ್ನ ಸಹೋದರರಿಗೆ ಬಲ ತುಂಬಬೇಕೆಂದೂ ಯೇಸು ಹೇಳಿದರು. ಬೀಳುವ ಮೊದಲೇ ಏಳುವ ಮಾತು! ಏಳುವುದಷ್ಟೇ ಅಲ್ಲ, ಎದ್ದ ಮೇಲೆ ಮಾಡಬೇಕಾದ ಕೆಲಸವನ್ನೂ ಮೊದಲೇ ಒಪ್ಪಿಸಿ ಬಿಟ್ಟಿದ್ದರು.

ಊಟವಾದ ಮೇಲೆ ಕಿದ್ರೋನ್ ಕಣಿವೆಯನ್ನು ದಾಟಿ ಗೆತ್ಸೆಮನೆ ತೋಟಕ್ಕೆ ಹೋದರು. ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ. ಈಗ ಅಲ್ಲಿ ಎಂಟು ಹಳೆಯ ಆಲಿವ್ ಮರಗಳಿವೆ. ಇಟಲಿಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ ಅವುಗಳಲ್ಲಿ ಮೂರರ ಕಾಂಡಗಳು ಸುಮಾರು ಒಂಬೈನೂರು ವರ್ಷ ಹಳೆಯವು. ಪಸ್ಕದ ಹುಣ್ಣಿಮೆಯ ಸಮಯವಾದ್ದರಿಂದ ಆಕಾಶ ತಿಳಿಯಾಗಿದ್ದಿದ್ದರೆ ಅಂದು ತೋಟದ ತುಂಬ ಬೆಳದಿಂಗಳು. ಯೇಸು ಮೂವರು ಆಪ್ತ ಶಿಷ್ಯರನ್ನು ಹತ್ತಿರ ಕರೆದು ತನ್ನೊಡನೆ ಎಚ್ಚರವಾಗಿರಬೇಕೆಂದು ಕೇಳಿಕೊಂಡರು. ಕೇಳಿದ್ದು ಅಷ್ಟೇ. ಕತ್ತಿ ಹಿಡಿಯಿರಿ ಎನ್ನಲಿಲ್ಲ, ಓಡಿಹೋಗಲು ದಾರಿ ಹುಡುಕಿ ಎನ್ನಲಿಲ್ಲ. ಜೊತೆಗೆ ಎಚ್ಚರವಿರಿ ಎಂದರು. ಮೂರು ಸಲ ಬಂದು ನೋಡಿದಾಗಲೂ ಅವರು ನಿದ್ದೆಯಲ್ಲಿದ್ದರು. ಪ್ರಾಣ ಕೊಡುತ್ತೇನೆಂದವನಿಗೆ ಒಂದು ಗಳಿಗೆ ಕಣ್ಣು ತೆರೆದಿರಲಾಗಲಿಲ್ಲ. ಸಂಕಟದಲ್ಲಿರುವವರ ಪಕ್ಕದಲ್ಲಿ ಸುಮ್ಮನೆ ಕೂರುವುದು ಪ್ರಾಣ ಕೊಡುವ ಮಾತಿಗಿಂತ ಎಷ್ಟೋ ಸಲ ಕಷ್ಟದ್ದು.

ಅಷ್ಟರಲ್ಲಿ ದೀವಟಿಗೆ, ದೊಣ್ಣೆ, ಕತ್ತಿಗಳೊಡನೆ ಗುಂಪು ಬಂತು. ಯೂದ ಮುತ್ತಿಟ್ಟು ಗುರುತು ತೋರಿಸಿದ. ಆಗಲೂ ಯೇಸು ಅವನನ್ನು ಸ್ನೇಹಿತನೆಂದೇ ಕರೆದರೆಂದು ಮತ್ತಾಯ ಬರೆಯುತ್ತಾನೆ. ಪೇತ್ರ ಕತ್ತಿ ಬೀಸಿ ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದ. ಕತ್ತಿಯನ್ನು ಒರೆಗೆ ಸೇರಿಸೆಂಬ ಅಪ್ಪಣೆಯಾಯಿತು. ಆಮೇಲೆ ಶಿಷ್ಯರೆಲ್ಲರೂ ದಿಕ್ಕುಪಾಲಾಗಿ ಓಡಿದರು.

ಪೇತ್ರ ಪೂರ್ತಿ ಓಡಿಹೋಗಲಿಲ್ಲ. ದೂರದಿಂದ ಹಿಂಬಾಲಿಸಿ ಮಹಾಯಾಜಕ ಕಾಯಫನ ಮನೆಯಂಗಳಕ್ಕೆ ಬಂದ. ಚಳಿಯಿತ್ತು. ಆಳುಗಳು ಇದ್ದಿಲು ಬೆಂಕಿ ಮಾಡಿ ಕಾಯಿಸಿಕೊಳ್ಳುತ್ತಿದ್ದರು. ಅವನೂ ಹೋಗಿ ಅವರ ನಡುವೆ ನಿಂತ. ಒಬ್ಬ ಕೆಲಸದ ಹುಡುಗಿ ಅವನ ಮುಖವನ್ನು ನೋಡಿ, ಇವನೂ ಅವನ ಜೊತೆಯವನೇ ಎಂದಳು. ಪೇತ್ರ ಇಲ್ಲವೆಂದ. ಎರಡನೆಯ ಸಲ ಇನ್ನೊಬ್ಬರು ಕೇಳಿದರು, ಇಲ್ಲವೆಂದ. ಮೂರನೆಯ ಸಲ ಅವನ ಮಾತೇ ಅವನನ್ನು ಬಿಟ್ಟುಕೊಟ್ಟಿತು. ಗಲಿಲಾಯದವರ ನುಡಿಯ ಧಾಟಿ ಯೆರೂಸಲೇಮಿನಲ್ಲಿ ಬಾಯಿ ತೆರೆದೊಡನೆ ಗುರುತು ಸಿಗುತ್ತಿತ್ತು. ಪೇತ್ರ ಆಣೆಯಿಟ್ಟು ಆ ಮನುಷ್ಯನನ್ನು ತಾನರಿಯೆನೆಂದ. ಕೂಡಲೇ ಕೋಳಿ ಕೂಗಿತು. ಆ ಗಳಿಗೆಯಲ್ಲಿ ಯೇಸು ತಿರುಗಿ ಪೇತ್ರನನ್ನು ನೋಡಿದರೆಂದು ಲೂಕ ಹೇಳುತ್ತಾನೆ. ಒಂದು ಮಾತೂ ಇಲ್ಲ, ನೋಟ ಮಾತ್ರ. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಕೋಳಿ ಏಕೆ ಕೂಗುತ್ತದೆ? ಬೆಳಕು ಕಂಡದ್ದಕ್ಕೆ ಕೂಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಹಗಲು ರಾತ್ರಿ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ಪರೀಕ್ಷಿಸಿದರು. ಬೆಳಗಾಗುವ ಯಾವ ಸೂಚನೆಯೂ ಇಲ್ಲದೆ ಅವು ದಿನಕ್ಕೊಮ್ಮೆ ತಮ್ಮ ಹೊತ್ತಿಗೆ ಸರಿಯಾಗಿ ಕೂಗಿದವು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಹುಂಜದ ಮೈಯೊಳಗೇ ಒಂದು ಗಡಿಯಾರವಿದೆ, ಹೊರಗೆ ಇನ್ನೂ ಕತ್ತಲಿರುವಾಗಲೇ ಅದು ಮುಂಜಾನೆಯನ್ನು ಎದುರುನೋಡಿ ಕೂಗುತ್ತದೆ ಎಂಬುದು ಖಚಿತವಾಯಿತು. ಪೇತ್ರನ ಕಿವಿಗೆ ಆ ಕೂಗು ಆರೋಪವಾಗಿ ಕೇಳಿಸಿತು. ಅದು ಆರೋಪವೂ ಹೌದು. ಆದರೆ ಹುಂಜ ಕೂಗಿದ್ದು ಬೆಳಗು ಹತ್ತಿರವಿದೆ ಎಂಬುದಕ್ಕೆ. ಯೆರೂಸಲೇಮಿನ ಸೀಯೋನ್ ಗುಡ್ಡದ ಇಳಿಜಾರಿನಲ್ಲಿ ಈ ಘಟನೆಯ ನೆನಪಿಗೆ ಒಂದು ಚರ್ಚು ಇದೆ. ಅದರ ಹೆಸರಿನಲ್ಲೇ ಕೋಳಿಯ ಕೂಗು ಸೇರಿದೆ. ಛಾವಣಿಯ ಮೇಲಿನ ಶಿಲುಬೆಯ ತುದಿಯಲ್ಲಿ ಬಂಗಾರ ಬಣ್ಣದ ಹುಂಜ ನಿಂತಿದೆ. ಸಭೆ ತನ್ನ ಹಿರಿಯನ ಅವಮಾನದ ಗುರುತನ್ನು ಮುಚ್ಚಿಡದೆ ಛಾವಣಿಯ ಮೇಲೇರಿಸಿದೆ.

ಈಗ ಯೂದನ ಕಥೆ. ಯೇಸುವಿಗೆ ಮರಣದಂಡನೆಯೆಂದು ತೀರ್ಮಾನವಾದದ್ದನ್ನು ಕಂಡು ಅವನ ಎದೆ ಒಡೆಯಿತು. ಮೂವತ್ತು ನಾಣ್ಯಗಳನ್ನೂ ಹಿಡಿದುಕೊಂಡು ಮಹಾಯಾಜಕರ ಬಳಿಗೆ ಹೋಗಿ, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪಮಾಡಿದೆನೆಂದು ಒಪ್ಪಿಕೊಂಡ. ಗಮನಿಸಬೇಕಾದದ್ದು ಇಲ್ಲಿದೆ. ಅವನು ತಪ್ಪನ್ನು ಒಪ್ಪಿದ. ಲಾಭವನ್ನು ಹಿಂದಿರುಗಿಸಿದ. ಬಾಯಿಬಿಟ್ಟು ಹೇಳಿದ. ಪಶ್ಚಾತ್ತಾಪಪಡುವವನು ಮಾಡಬೇಕಾದದ್ದರಲ್ಲಿ ಬಹುಪಾಲನ್ನು ಮಾಡಿದ. ಆದರೆ ಕೇಳಿಸಿಕೊಂಡವರು ಅದಕ್ಕೂ ತಮಗೂ ಸಂಬಂಧವಿಲ್ಲ, ಅದು ಅವನ ಪಾಡು ಎಂದು ಕೈತೊಳೆದುಕೊಂಡರು. ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೊರಟುಹೋಗಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಅವನು ಹೋದ ಮೇಲೆ ಯಾಜಕರು ಸಭೆ ಸೇರಿದರು. ಚರ್ಚೆ ನಡೆದದ್ದು ಅವನ ಬಗ್ಗೆಯಲ್ಲ, ನಾಣ್ಯಗಳ ಬಗ್ಗೆ. ರಕ್ತದ ಬೆಲೆಯಾದ್ದರಿಂದ ಅದನ್ನು ದೇವಾಲಯದ ಭಂಡಾರಕ್ಕೆ ಸೇರಿಸುವುದು ನಿಯಮಕ್ಕೆ ಒಪ್ಪುವುದಿಲ್ಲವೆಂದು ನಿರ್ಣಯಿಸಿ, ಪರದೇಶಿಗಳನ್ನು ಹೂಳಲು ಕುಂಬಾರನ ಹೊಲವನ್ನು ಕೊಂಡರು. ನಾಣ್ಯಗಳಿಗೆ ಒಂದು ಜಾಗ ಸಿಕ್ಕಿತು. ಅವುಗಳನ್ನು ತಂದವನಿಗೆ ಸಿಗಲಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟ್ ಈ ಎರಡು ಘಟನೆಗಳನ್ನೂ ಚಿತ್ರಿಸಿದ್ದಾನೆ. 1629ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ ಬರೆದ ಚಿತ್ರದಲ್ಲಿ ಯೂದ ಮೊಣಕಾಲೂರಿ ಕೈಗಳನ್ನು ಹಿಸುಕಿಕೊಳ್ಳುತ್ತಿದ್ದಾನೆ. ನಾಣ್ಯಗಳು ನೆಲದ ಮೇಲೆ ಚೆಲ್ಲಿವೆ. ಹಿರಿಯ ಯಾಜಕ ಮುಖವನ್ನು ಆಚೆ ತಿರುಗಿಸಿಕೊಂಡು ಕೈಯೆತ್ತಿ ಅವನನ್ನು ದೂರ ತಳ್ಳುವಂತಿದ್ದಾನೆ. ಪೇತ್ರನ ಚಿತ್ರವನ್ನು ಅವನು ಬರೆದದ್ದು 1660ರಲ್ಲಿ. ಆ ವೇಳೆಗೆ ಚಿತ್ರಕಾರ ಸಾಲದಲ್ಲಿ ಮುಳುಗಿ 1656ರಲ್ಲಿ ದಿವಾಳಿಯಾಗಿದ್ದ, ಮನೆಯನ್ನೂ ಕಳೆದುಕೊಂಡಿದ್ದ. ಈ ಚಿತ್ರದಲ್ಲಿ ಕೆಲಸದ ಹುಡುಗಿ ಮೇಣದಬತ್ತಿಗೆ ಕೈ ಅಡ್ಡ ಹಿಡಿದು ಪೇತ್ರನ ಮುಖ ನೋಡುತ್ತಿದ್ದಾಳೆ. ಹಿಂದೆ, ಮಬ್ಬಿನಲ್ಲಿ, ಕೈಕಟ್ಟಿಸಿಕೊಂಡ ಯೇಸು ತಿರುಗಿ ನೋಡುತ್ತಿದ್ದಾರೆ. ಎರಡು ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಒಂದರಲ್ಲಿ ಮುಖ ತಿರುಗಿಸಿಕೊಂಡವರಿದ್ದಾರೆ, ಇನ್ನೊಂದರಲ್ಲಿ ಮುಖ ತಿರುಗಿಸಿ ನೋಡಿದವರಿದ್ದಾರೆ.

ಇಬ್ಬರ ತಪ್ಪುಗಳೂ ಸಮಾನವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಹೆದರಿಕೆಯಿಂದ ಬಾಯಿತಪ್ಪಿದ್ದು ಬೇರೆ, ಬೆಲೆ ಕುದುರಿಸಿ ಹಿಡಿದುಕೊಟ್ಟದ್ದು ಬೇರೆ. ಯೂದನಿಗೆ ಯೇಸು ಕಠಿಣವಾದ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಅದೇ ಶುಕ್ರವಾರ ಮಧ್ಯಾಹ್ನ ಶಿಲುಬೆಯ ಮೇಲಿನಿಂದ ಅವರು ತನ್ನನ್ನು ಕೊಲ್ಲುತ್ತಿದ್ದವರಿಗಾಗಿಯೇ ಕ್ಷಮೆ ಬೇಡಿದರು, ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ಪರದೈಸನ್ನು ಕೊಟ್ಟರು. ಯೂದ ಆ ಮಧ್ಯಾಹ್ನದವರೆಗೆ ತಡೆದಿದ್ದರೆ? ಅಥವಾ ಯಾಜಕರ ಬಾಗಿಲಿನ ಬದಲು ಜೊತೆಯ ಶಿಷ್ಯರ ಬಾಗಿಲು ತಟ್ಟಿದ್ದರೆ? ಅವರಲ್ಲಿ ಅವನತ್ತ ಬೆರಳು ತೋರಿಸುವ ನೈತಿಕ ಹಕ್ಕು ಯಾರಿಗೂ ಉಳಿದಿರಲಿಲ್ಲ, ಎಲ್ಲರೂ ಓಡಿಹೋದವರೇ. ಪೇತ್ರ ಮಾಡಿದ್ದು ಅದನ್ನೇ. ಅತ್ತು ಮುಗಿಸಿ ತನ್ನವರ ಬಳಿಗೆ ಮರಳಿದ. ಭಾನುವಾರ ಬೆಳಿಗ್ಗೆ ಬರಿದಾದ ಸಮಾಧಿಯ ಸುದ್ದಿ ತಂದ ಮಗ್ದಲದ ಮರಿಯಳಿಗೆ ಅವನು ಸಿಕ್ಕಿದ್ದು ಗೆಳೆಯರ ನಡುವೆಯೇ. ಆ ಸುದ್ದಿಯನ್ನು ಕಳಿಸುವಾಗ ಶಿಷ್ಯರಿಗೂ ಪೇತ್ರನಿಗೂ ತಿಳಿಸಬೇಕೆಂದು ಅವನ ಹೆಸರನ್ನು ಬೇರೆಯಾಗಿ ಎತ್ತಿ ಹೇಳಲಾಗಿತ್ತೆಂದು ಮಾರ್ಕನ ಸುವಾರ್ತೆಯಲ್ಲಿದೆ.

ಮುಂದೆ ಗಲಿಲಾಯದ ಸರೋವರದ ದಡದಲ್ಲಿ ಒಂದು ಬೆಳಗು. ರಾತ್ರಿಯಿಡೀ ಬಲೆ ಬೀಸಿ ಬಂದ ಶಿಷ್ಯರಿಗೆ ಪುನರುತ್ಥಾನರಾದ ಯೇಸು ಇದ್ದಿಲು ಬೆಂಕಿಯ ಮೇಲೆ ಮೀನು, ಜೊತೆಗೆ ರೊಟ್ಟಿ ಸಿದ್ಧಮಾಡಿ ಕಾಯುತ್ತಿದ್ದರು. ಕಾಯಫನ ಅಂಗಳದ ಬೆಂಕಿಗೆ ಬಳಸಿದ ಗ್ರೀಕ್ ಪದವನ್ನೇ ಯೋಹಾನ ಇಲ್ಲಿಯೂ ಬಳಸುತ್ತಾನೆ. ಮೊದಲು ಊಟವಾಯಿತು. ಆಮೇಲೆ, ತನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳಿದರು. ಮೂರು ಸಲ ಇಲ್ಲವೆಂದವನಿಗೆ ಮೂರು ಸಲ ಹೌದೆನ್ನುವ ಅವಕಾಶ. ಪ್ರತಿ ಹೌದಿಗೂ ಕುರಿಗಳನ್ನು ಮೇಯಿಸುವ ಕೆಲಸವನ್ನು ಒಪ್ಪಿಸಿದರು. ಆ ರಾತ್ರಿ ಯಾಕೆ ಹಾಗೆ ಹೇಳಿದೆ ಎಂಬ ವಿಚಾರಣೆ ನಡೆಯಲೇ ಇಲ್ಲ.

ಹೆತ್ತವರು ಕಲಿಯಬೇಕಾದ ಪಾಠ ಇದರಲ್ಲಿದೆ. ಮಗ ಫೇಲಾಗಿ ಬಂದಾಗ, ಮಗಳು ಮುಚ್ಚಿಟ್ಟ ಸುಳ್ಳನ್ನು ಕೊನೆಗೊಮ್ಮೆ ಬಾಯಿಬಿಟ್ಟು ಹೇಳಿದಾಗ, ಅವರು ಮೂವತ್ತು ನಾಣ್ಯ ಹಿಡಿದುಕೊಂಡು ಬಂದವರ ಹಾಗೆ ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಗೆ ತಮ್ಮ ತಪ್ಪಿನ ಬಗ್ಗೆ ಹೊಸದಾಗಿ ತಿಳಿಸಬೇಕಾದದ್ದು ಏನೂ ಇರುವುದಿಲ್ಲ. ಆಗ ಖರ್ಚುಮಾಡಿದ ಟ್ಯೂಷನ್ ಫೀಸಿನ ಲೆಕ್ಕ, ಪಕ್ಕದ ಮನೆಯ ಹುಡುಗನ ಅಂಕ, ನೆಂಟರ ಮುಂದೆ ತಲೆಯೆತ್ತುವುದು ಹೇಗೆಂಬ ಚಿಂತೆ ಇವೇ ಹೊರಬಂದರೆ, ಅದು ಯಾಜಕರು ನಾಣ್ಯಗಳ ಬಗ್ಗೆ ನಡೆಸಿದ ಸಭೆಯಾಗುತ್ತದೆ. ನಿನ್ನ ಪಾಡು ನೀನು ನೋಡಿಕೋ ಎಂಬ ಮಾತನ್ನು ಸಿಟ್ಟಿನಲ್ಲಿ ಆಡುವುದು ಸುಲಭ. ಕೇಳಿಸಿಕೊಂಡ ಎಳೆಯ ಜೀವ ಅದನ್ನು ಅಕ್ಷರಶಃ ತೆಗೆದುಕೊಂಡೀತು. ತಪ್ಪನ್ನು ತಪ್ಪೆಂದು ಹೇಳಲೇಬೇಕು. ಆದರೆ ಮೊದಲು ಊಟ ಬಡಿಸಿ, ಆಮೇಲೆ ಮಾತು.

ಮಕ್ಕಳಿಗೂ ಪಾಠವಿದೆ. ಬಿದ್ದ ದಿನ ಒಬ್ಬರೇ ಇರಬಾರದು. ಯಾರೋ ಒಬ್ಬರು ಮುಖ ತಿರುಗಿಸಿಕೊಂಡರೆಂದು ಲೋಕವೇ ಮುಖ ತಿರುಗಿಸಿತೆಂದು ತಿಳಿಯಬಾರದು. ಅಪ್ಪನಿಗೆ ಹೇಳಲಾಗದಿದ್ದರೆ ಅಮ್ಮ, ಅಮ್ಮನಿಗಾಗದಿದ್ದರೆ ಅಜ್ಜಿ, ಸೋದರಮಾವ, ಶಾಲೆಯ ಮೇಷ್ಟ್ರು, ಚರ್ಚಿನ ಗುರುಗಳು, ಜೊತೆಯ ಗೆಳೆಯ. ಯಾರೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಸರ್ಕಾರ ಆರಂಭಿಸಿದ ಈ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಹಿಂದೆ ಬಿದ್ದವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವೂ ಇದೆ. ಒಂದು ರಾತ್ರಿಯನ್ನು ದಾಟಿದರೆ ಇಂಥ ಎಷ್ಟೋ ಬಾಗಿಲುಗಳು ಕಾಣಿಸುತ್ತವೆ.

ಪೇತ್ರ ತನ್ನ ಸೋಲನ್ನು ಮುಂದೆ ಎಂದೂ ಮರೆಮಾಚಲಿಲ್ಲವೆಂದು ತೋರುತ್ತದೆ. ನಾಲ್ಕೂ ಸುವಾರ್ತೆಗಳಲ್ಲಿ ಅದು ದಾಖಲಾಗಿದೆ. ಮಾರ್ಕ ತನ್ನ ಸುವಾರ್ತೆಯನ್ನು ಪೇತ್ರನ ಬಾಯಿಂದ ಕೇಳಿದ್ದನ್ನು ನೆನಪಿಟ್ಟು ಬರೆದನೆಂದು ಎರಡನೆಯ ಶತಮಾನದಿಂದಲೂ ಹೇಳಿಕೆಯಿದೆ. ಹಾಗಿದ್ದರೆ ಅಂಗಳದ ಬೆಂಕಿ, ಕೆಲಸದ ಹುಡುಗಿ, ಎರಡು ಸಲ ಕೂಗಿದ ಕೋಳಿ ಎಲ್ಲವನ್ನೂ ಅವನೇ ಹೇಳಿ ಬರೆಸಿರಬೇಕು. ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಅವನು ತನ್ನ ಗುರುವಿಗಾಗಿ ಪ್ರಾಣ ಕೊಟ್ಟನೆಂದು ಸಭೆಯ ಪರಂಪರೆ ಹೇಳುತ್ತದೆ. ಗುರುವಾರದ ಊಟದಲ್ಲಿ ಆಡಿದ ಮಾತನ್ನು ಉಳಿಸಿಕೊಳ್ಳಲು ಅವನಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಷ್ಟು ವರ್ಷ ಅವನಿಗೆ ಸಿಕ್ಕಿದ್ದು, ಆ ಮೊದಲ ರಾತ್ರಿ ಅವನತ್ತ ತಿರುಗಿ ನೋಡಿದ ಒಬ್ಬರು ಇದ್ದದ್ದರಿಂದ.